ಸಾಲಗಾಮೆ ರಸ್ತೆಯ ಉಪಗ್ರಹಗಳು

ಸಂಜೆ ಮಹಾರಾಜ ಪಾರ್ಕಿನ ಬೆಂಚಿಗೆ ಬರುವಾಗಲೇ ರಂಗಣ್ಣನ ಮುಖದಲ್ಲಿ ಸೈಟು ನೋಡಿ ಅಡ್ವಾನ್ಸ್ ಕೊಟ್ಟು ಬಂದವನ ಕಳೆ ಇತ್ತು.

"ಮೇಷ್ಟ್ರೇ, ಮನೆಗೆ ಮೆಶ್ ಹಾಕಿಸೋಣ ಎಂದುಕೊಂಡಿದ್ದೇನೆ."

"ಒಳ್ಳೆಯ ಕೆಲಸ. ಈ ಸಲ ಸೊಳ್ಳೆ ವಿಪರೀತ" ಎಂದೆ.

"ಸೊಳ್ಳೆಯ ಮೆಶ್ ಅಲ್ಲ ಮೇಷ್ಟ್ರೇ, ವೈಫೈ ಮೆಶ್!" ಗೋಪಾಲ ಕನಿಕರದಿಂದ ನನ್ನತ್ತ ನೋಡಿದ. ಯಾರ ಮನೆಗೆ ಯಾವ ಸಾಮಾನು ಬರುವುದಿದ್ದರೂ ಅದರ ವಿಡಿಯೋ ಗೋಪಾಲ ನೋಡಿರುತ್ತಾನೆ. ದುಡ್ಡು ಮಾತ್ರ ಸಾಮಾನಿನವರದು. "ಒಂದು ರೂಟರ್ ಇರುವ ಕಡೆ ಮೂರು ಡಬ್ಬಿ. ಮನೆಗೆಲ್ಲ ಒಂದೇ ಹೆಸರಿನ ನೆಟ್‌ವರ್ಕ್. ಮೊದಲನೆಯದು ಎರಡನೆಯದಕ್ಕೆ ದಾಟಿಸುತ್ತದೆ, ಎರಡನೆಯದು ಮೂರನೆಯದಕ್ಕೆ."

"ನಮ್ಮ ಬೀದಿಯಲ್ಲಿ ಸುದ್ದಿ ಹೋಗುವುದೂ ಹೀಗೆಯೇ" ಎಂದೆ. "ವ್ಯತ್ಯಾಸ ಇಷ್ಟೇ. ಸುದ್ದಿ ಮನೆ ದಾಟಿದಂತೆಲ್ಲ ದುಪ್ಪಟ್ಟಾಗುತ್ತದೆ, ನಿನ್ನ ವೈಫೈ ಡಬ್ಬಿ ದಾಟಿದಂತೆಲ್ಲ ಅರ್ಧವಾಗುತ್ತದೆ."

"ಅದು ಎರಡು ಬ್ಯಾಂಡಿನ, ಎಂದರೆ ಎರಡೇ ಅಲೆಹಾದಿಯ, ಅಗ್ಗದ ಸೆಟ್ಟಿನ ಕಥೆ. ಅದರಲ್ಲಿ ಡಬ್ಬಿಗಳು ನಮಗೆ ಕೊಡುವ ಹಾದಿಯಲ್ಲೇ ತಮ್ಮತಮ್ಮಲ್ಲೂ ಮಾತಾಡಬೇಕು. ಮೂರು ಬ್ಯಾಂಡಿನದರಲ್ಲಿ ಅವುಗಳ ಮಾತಿಗೆ ಬೇರೆ ಹಾದಿ."

"ಬೆಲೆಯೋ?"

ಗೋಪಾಲ ತಲೆ ಕೆರೆದುಕೊಂಡ. "ಬೆಲೆಯೂ ಬೇರೆ ಹಾದಿಯಲ್ಲೇ ಇದೆ."

ಕಿಟ್ಟಪ್ಪ ಈ ತನಕ ಮಾತಾಡಿರಲಿಲ್ಲ. ಅವನ ತೊಡೆಯ ಮೇಲೆ ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಇತ್ತು.

"ಡಬ್ಬಿಯ ಮೇಲೆ 3000 ಎಂದು ಬರೆದಿರುತ್ತದೆ" ಎಂದು ರಂಗಣ್ಣ ಅಂಗೈ ಅಗಲ ಮಾಡಿ ತೋರಿಸಿದ, ಅಷ್ಟು ದಪ್ಪ ಅಕ್ಷರ ಎಂಬಂತೆ. "ಸೆಕೆಂಡಿಗೆ 3000 ಮೆಗಾಬಿಟ್ ಅಂತೆ."

"ಅದು ಒಂದು ಬ್ಯಾಂಡಿನ 574ಕ್ಕೆ ಇನ್ನೊಂದರ 2402 ಕೂಡಿಸಿ, ಚಿಲ್ಲರೆಗೆ ಚಾಕೊಲೇಟ್ ಕೊಟ್ಟ ಲೆಕ್ಕ" ಎಂದೆ. "ಬೇಲೂರಿಗೆ ಹೋಗುವ ಬಸ್ಸು ಗಂಟೆಗೆ ಅರವತ್ತು, ಅರಕಲಗೂಡಿಗೆ ಹೋಗುವ ಬಸ್ಸೂ ಅರವತ್ತು, ಆದ್ದರಿಂದ ಹಾಸನದಲ್ಲಿ ಬಸ್ಸು ನೂರಿಪ್ಪತ್ತರಲ್ಲಿ ಓಡುತ್ತದೆ ಎಂದ ಹಾಗೆ. ಅದಿರಲಿ, ನೀನು ತಿಂಗಳಿಗೆ ದುಡ್ಡು ಕಟ್ಟುವುದು ಎಷ್ಟು ವೇಗಕ್ಕೆ?"

"ನೂರಕ್ಕೆ."

"ನೂರು ಬರುವ ನಲ್ಲಿಗೆ ಗೊರೂರು ಅಣೆಕಟ್ಟಿನ ಗೇಟು ಕೂರಿಸುತ್ತೀಯೆನ್ನು."

ಗೋಪಾಲನಿಗೆ ಈ ಮಾತು ಹಿಡಿಸಲಿಲ್ಲ. ನೆಲದ ಮೇಲೆ ಕಡ್ಡಿಯಿಂದ ರಂಗಣ್ಣನ ಮನೆಯ ನಕ್ಷೆ ಬರೆದ. ಮುಖ್ಯ ಡಬ್ಬಿ ನಡುಮನೆಯಲ್ಲಿ, ಒಂದು ಅಡುಗೆಮನೆಯಲ್ಲಿ, ಒಂದು ಮಹಡಿಯ ಮೇಲೆ. "ಈ ಎರಡಕ್ಕೆ ಸ್ಯಾಟಲೈಟ್ ಎನ್ನುತ್ತಾರೆ" ಎಂದು ಕಡ್ಡಿಯನ್ನು ನೆಲಕ್ಕೆ ಚುಚ್ಚಿದ.

ನನಗೆ ತಡೆಯಲಾಗಲಿಲ್ಲ. "ರಂಗಣ್ಣ, ನಿನ್ನ ಮನೆ ಇರುವುದು ಸಾಲಗಾಮೆ ರಸ್ತೆಯಲ್ಲಿ. ಇಸ್ರೋದವರ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರುವುದೂ ಅದೇ ರಸ್ತೆಯಲ್ಲಿ. 1982ರಿಂದ ಅವರು ಅಲ್ಲಿ ಕೂತು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳಿಗೆ ಎಡಕ್ಕೆ ತಿರುಗು ಬಲಕ್ಕೆ ತಿರುಗು ಎನ್ನುತ್ತಿದ್ದಾರೆ, ಅವೂ ಮರುಮಾತಿಲ್ಲದೆ ತಿರುಗುತ್ತಿವೆ. ಅದೇ ರಸ್ತೆಯಲ್ಲಿ ನಿನಗೆ ನಡುಮನೆಯಿಂದ ಅಡುಗೆಮನೆಗೆ ನಲವತ್ತು ಅಡಿ ದಾಟಲು ಸ್ವಂತ ಉಪಗ್ರಹ ಬೇಕಾಯಿತೇ?"

"ಅವರಿಗೆ ನಡುವೆ ನಮ್ಮಪ್ಪ ಕಟ್ಟಿಸಿದ ಗೋಡೆ ಇಲ್ಲವಲ್ಲ ಮೇಷ್ಟ್ರೇ" ಎಂದ ರಂಗಣ್ಣ.

ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ನಲವತ್ತು ವರ್ಷ ಭೌತಶಾಸ್ತ್ರ ಹೇಳಿದವನಿಗೆ ಕಡಲೆಕಾಯಿಯ ಬೆಂಚಿನ ಮೇಲೆ ಪಾಠವಾಯಿತು. ಆ ಗೋಡೆ ನನಗೆ ಗೊತ್ತು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಬೇಸಿಗೆಯ ಸೆಕೆ, ಪಕ್ಕದ ಮನೆಯ ಜಗಳ ಯಾವುದನ್ನೂ ಅದು ಒಳಗೆ ಬಿಟ್ಟದ್ದಿಲ್ಲ. ಐದು ಗಿಗಾಹರ್ಟ್ಸಿನ ಅಲೆ ಯಾವ ಲೆಕ್ಕ? ಅದು ಓಟದಲ್ಲಿ ಜೋರು, ಗೋಡೆ ಕಂಡರೆ ಮೆತ್ತಗಾಗುವ ಜಾತಿ. 2.4ರದು ಕಾಲೆಳೆದುಕೊಂಡು ಒಂದು ಗೋಡೆಯನ್ನಾದರೂ ದಾಟುತ್ತದೆ, ಎರಡನೆಯದಕ್ಕೆ ಒರಗಿ ಕೂತುಬಿಡುತ್ತದೆ.

"ಹಾಸನಾಂಬೆಯಾದರೂ ವರ್ಷಕ್ಕೊಮ್ಮೆ ಬಾಗಿಲು ತೆಗೆಸಿ ದರ್ಶನ ಕೊಡುತ್ತಾಳೆ" ಎಂದು ಕಿಟ್ಟಪ್ಪ ಸಿಪ್ಪೆ ಉಗಿದ. "ಇವರ ಅಡುಗೆಮನೆಯಲ್ಲಿ ನಾನು ಒಂದು ಕಡ್ಡಿ ಸಿಗ್ನಲ್ಲನ್ನೂ ಕಂಡದ್ದಿಲ್ಲ. ಅಡುಗೆ ಮಾತ್ರ ಕಂಡಿದ್ದೇನೆ."

"ಅದಕ್ಕೇ ಅಲ್ಲೊಂದು ಡಬ್ಬಿ!" ಎಂದ ಗೋಪಾಲ.

"ಕಡ್ಡಿಯೇ ಇಲ್ಲದ ಕಡೆ ಇಟ್ಟರೆ ಆ ಡಬ್ಬಿಗೆ ಕೇಳಿಸುವುದೇನು, ಅದು ದಾಟಿಸುವುದೇನು? ಹರಿಕಥೆಯನ್ನು ಕೇಳಿಸಿಕೊಂಡು ಬಂದು ಹೇಳು ಎಂದು ಕಿವುಡನನ್ನು ಕಳಿಸಿದ ಹಾಗೆ. ಇಡಬೇಕಾದದ್ದು ನಡುಹಾದಿಯಲ್ಲಿ, ಮೊದಲನೆಯದರ ಮಾತು ಇನ್ನೂ ಸ್ಪಷ್ಟವಾಗಿ ಕೇಳುವ ಜಾಗದಲ್ಲಿ. ಅದಕ್ಕಿಂತ ಒಂದು ವೈರು ಎಳೆದರೆ ಆಯಿತು. ಈಥರ್ನೆಟ್ ವೈರು 100 ಮೀಟರ್ ತನಕ ಸೊರಗದೆ ಹೋಗುತ್ತದೆ, ಗೋಡೆಗೆ ಅಂಜುವುದಿಲ್ಲ. ತುದಿಗೆ ಒಂದು ಸಣ್ಣ ಡಬ್ಬಿ ಸಾಕು."

"ಈ ಕಾಲದಲ್ಲಿ ವೈರೇ ಮೇಷ್ಟ್ರೇ?" ಬಾವಿಯಿಂದ ನೀರು ಸೇದಿ ಎಂದರೂ ಗೋಪಾಲ ಇಷ್ಟು ನೊಂದುಕೊಳ್ಳುತ್ತಿರಲಿಲ್ಲ.

"ಈಗಿರುವ ರೂಟರ್ ಎಲ್ಲಿದೆ ರಂಗಣ್ಣ?"

ಅವನು ಸ್ವಲ್ಪ ತಡೆದು ಹೇಳಿದ. "ನಡುಮನೆಯಲ್ಲಿ. ಬೀರುವಿನ ಹಿಂದೆ."

"ಕಬ್ಬಿಣದ ಬೀರುವೇ?"

"ಮದುವೆಯಲ್ಲಿ ಮಾವ ಕೊಟ್ಟದ್ದು. ರಾತ್ರಿಯೆಲ್ಲ ಹಸಿರು ದೀಪ ಮಿಣುಕುತ್ತದೆ, ನಿದ್ದೆ ಬರುವುದಿಲ್ಲ ಎಂದು ನಮ್ಮ ಮನೆಯವಳು ಅಲ್ಲಿಗೆ ತಳ್ಳಿದಳು. ಧೂಳು ಕೂರಬಾರದೆಂದು ಮೇಲೊಂದು ಕಸೂತಿ ಬಟ್ಟೆ. ಹಂಸದ ಕಸೂತಿ."

ಕಿಟ್ಟಪ್ಪನ ನಗೆಗೆ ಪೊಟ್ಟಣ ಬಿದ್ದು ಕಡಲೆಕಾಯಿ ಗೋಪಾಲನ ನಕ್ಷೆಯ ಮೇಲೆಲ್ಲ ಚೆಲ್ಲಿತು. ಮಹಡಿಯ ಮೇಲೆ ನಾಲ್ಕು, ಅಡುಗೆಮನೆಯಲ್ಲಿ ಏಳು. ಇಷ್ಟು ಚೆನ್ನಾದ ಕವರೇಜು ಯಾವ ಮೆಶ್ಶಿಗೂ ಸಾಧ್ಯವಿಲ್ಲ.

"ಮೊದಲು ಹಂಸವನ್ನು ತೆಗೆ" ಎಂದೆ. "ರೂಟರನ್ನು ಜಗುಲಿಯ ಕಿಟಕಿಯ ಮೇಲೆ ಎತ್ತರಕ್ಕೆ ಇಡು. ಒಂದು ಪೈಸೆ ಖರ್ಚಿಲ್ಲ. ಎರಡು ದಿನ ನೋಡು. ಆಮೇಲೆ ಉಪಗ್ರಹ ಹಾರಿಸುವೆಯಂತೆ."

"ನೋಡಲು ಪುರುಸೊತ್ತಿಲ್ಲ. ಸುಧಿ ಬರುತ್ತಾನೆ" ಎಂದ ರಂಗಣ್ಣ.

ಸುಧಿ ಅವನ ಮಗ, ಬೆಂಗಳೂರಿನಲ್ಲಿ ಕೆಲಸ.

"ಪ್ರತಿ ಸಲವೂ ಮೂರು ದಿನ ಇರುತ್ತೇನೆಂದು ಬರುತ್ತಾನೆ, ಸಿಗ್ನಲ್ ಸಾಲದು ಎಂದು ಎರಡನೇ ದಿನವೇ ಹೊರಡುತ್ತಾನೆ. ಇರುವಷ್ಟು ಹೊತ್ತು ಜಗುಲಿಯ ಕಂಬಕ್ಕೆ ಒರಗಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾನೆ. ಅಷ್ಟೋ ಇಷ್ಟೋ ಸಿಗುವುದು ಅಲ್ಲಿ ಮಾತ್ರ. ಎದುರಿಗೆ ನಾನು ಪೇಪರು ಹಿಡಿದು ಕೂರುತ್ತೇನೆ. ಮಾತೇನೂ ಇಲ್ಲ. ಹೋದ ಸಲ ಕಡಲೆಬೀಜ ಹುರಿದು ಪಕ್ಕದಲ್ಲಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಕಿವಿಗೆ ಹಾಕಿಕೊಂಡದ್ದನ್ನು ತೆಗೆದು, 'ಅಪ್ಪಾ, ಇನ್ನೂ ಇದೆಯಾ?' ಎಂದು ಕೇಳಿದ." ರಂಗಣ್ಣ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದ. "ಮನೆಗೆಲ್ಲ ಮೆಶ್ ಹಾಕಿಸಿದರೆ ಈ ಸಲ ಹತ್ತು ದಿನ ಇರುತ್ತಾನಂತೆ."

"ಮೆಶ್ ಹಾಕಿಸಿದ ಮೇಲೆ ಎಲ್ಲಿ ಕೂರುತ್ತಾನಂತೆ?" ಎಂದೆ. ಕೇಳಬಾರದಿತ್ತು.

"ಮಹಡಿಯ ಕೋಣೆಯಲ್ಲಿ. ಬಾಗಿಲು ಹಾಕಿಕೊಂಡು. ಮೀಟಿಂಗ್ ಇರುತ್ತದಲ್ಲ."

ಗೋಪಾಲ ನಕ್ಷೆಯ ಮೇಲಿನ ಕಡಲೆಕಾಯಿಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. ಮಹಡಿಯ ನಾಲ್ಕನ್ನು ಕೊನೆಗೆ ಹೆಕ್ಕಿದ.

ರಂಗಣ್ಣನೇ ಕೇಳಿದ. "ಮೇಷ್ಟ್ರೇ, ಜಗುಲಿಯಲ್ಲಿ ಜೋರಾಗಿ ಸಿಗಬೇಕು. ಅಡುಗೆಮನೆಯಲ್ಲೂ ಸಿಗಬೇಕು, ವಿಡಿಯೋದಲ್ಲಿ ಮೊಮ್ಮಗಳ ಮುಖ ಬಾಯಿ ತೆರೆದುಕೊಂಡು ನಿಂತುಬಿಟ್ಟರೆ ಇವಳು ಒಲೆ ಬಿಟ್ಟು ಓಡಿ ಬರುತ್ತಾಳೆ. ಮಹಡಿಯಲ್ಲಿ ಮಾತ್ರ ಸಿಗಬಾರದು. ಹಾಗೆ ಮಾಡಲು ಬರುತ್ತದೆಯೇ?"

"ಅಂಥ ಮೆಶ್ ಯಾರೂ ತಯಾರಿಸುವುದಿಲ್ಲ" ಎಂದ ಗೋಪಾಲ. ಈ ಸಲ ಅವನ ದನಿಯಲ್ಲಿ ವಿಡಿಯೋ ಇರಲಿಲ್ಲ.

"ಬರುತ್ತದೆ" ಎಂದೆ. "ರೂಟರ್ ಜಗುಲಿಗೆ. ಅಲ್ಲಿಂದ ಜಂತಿಯ ಗುಂಟ ಅಡುಗೆಮನೆಗೆ ವೈರು, ತುದಿಗೆ ಸಣ್ಣ ಡಬ್ಬಿ. ಬೀರುವನ್ನು ತಂದು ಮಹಡಿಯ ಮೆಟ್ಟಿಲ ಪಕ್ಕಕ್ಕೆ ಅಡ್ಡಲಾಗಿ ನಿಲ್ಲಿಸು."

"ಪೂರ್ತಿ ತಡೆಯುತ್ತದೆಯೇ?"

"ಪೂರ್ತಿ ತಡೆಯುವುದಿಲ್ಲ. ಮೀಟಿಂಗ್ ತುಂಡು ತುಂಡಾಗುವಷ್ಟು ತಡೆಯುತ್ತದೆ."

ರಂಗಣ್ಣ ಕನ್ನಡಕ ಹಾಕಿಕೊಂಡು ಯೋಚಿಸಿದ. "ಬೀರು ಎತ್ತಲು ನಾಲ್ಕು ಜನ ಬೇಕು."

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರಿಗೆ ಸೊಂಟ ನೋವು, ಒಬ್ಬನಿಗೆ ಮಂಡಿ. ಗೋಪಾಲ ಒಬ್ಬ ಗಟ್ಟಿ.

"ಭಾನುವಾರ ಬೆಳಿಗ್ಗೆ ಬರುತ್ತೇವೆ" ಎಂದ ಕಿಟ್ಟಪ್ಪ. "ಅಕ್ಕಿರೊಟ್ಟಿ ಮಾಡಿಸು. ಬೀರು ಎತ್ತುವುದು ತಿಂದ ಮೇಲೆ."