ಪದಚರ್ಚೆ: ಆಟಿಸಂ ಲೆಕ್ಕಕ್ಕೆ ‘ಹರಡುವಿಕೆ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎಷ್ಟು ಮಕ್ಕಳಿಗೆ ಆಟಿಸಂ ಇದೆ ಅಂತ ಲೆಕ್ಕ ಇಡುತ್ತದಲ್ಲ, ಅದರ ಬಗ್ಗೆ ಪೋಷಕರಿಗಾಗಿ ಸಣ್ಣ ಲೇಖನ ಬರೆಯುತ್ತಿದ್ದೇನೆ. ‘ಪ್ರಿವೆಲೆನ್ಸ್’ (ಒಟ್ಟು ಜನರಲ್ಲಿ ಎಷ್ಟು ಮಂದಿಗೆ ಇದೆ ಅನ್ನುವ ಲೆಕ್ಕ) ಅನ್ನುವಲ್ಲಿ ಬಂಡಿ ನಿಂತಿದೆ.

‘ಹರಡುವಿಕೆ’ ಅಂತ ಬರೆಯುವುದನ್ನು ನೋಡಿದ್ದೇನೆ. ಆದರೆ ಹರಡುವುದು ಡೆಂಗಿ, ಕಾಡ್ಗಿಚ್ಚು, ಗಾಳಿಸುದ್ದಿ. ‘ಮಕ್ಕಳಲ್ಲಿ ಆಟಿಸಂ ಹರಡುವಿಕೆ’ ಅಂದರೆ ಪಕ್ಕದ ಬೆಂಚಿನ ಮಗುವಿನಿಂದ ಅಂಟುತ್ತದೆ ಅಂದುಕೊಳ್ಳುವವರೂ ಇರುತ್ತಾರೆ. ಈಗಾಗಲೇ ಬೇಕಾದಷ್ಟು ತಪ್ಪು ತಿಳಿವಳಿಕೆ ಇದೆ, ನಾವು ಬೇರೆ ಸೇರಿಸುವುದೇ? ‘ವ್ಯಾಪಕತೆ’ಯೂ ಒಗ್ಗುವುದಿಲ್ಲ. ಲಕ್ಷಕ್ಕೆ ಒಬ್ಬರಲ್ಲಿ ಕಾಣುವ ಕಾಯಿಲೆಗೂ ಪ್ರಿವೆಲೆನ್ಸ್ ಇರುತ್ತದೆ, ಅದನ್ನು ವ್ಯಾಪಕ ಅನ್ನೋಕಾಗುತ್ತಾ? ‘ಇರುವಿಕೆ’ ನನಗೆ ಇಷ್ಟ. ಆದರೆ ಅಂಕಿಯ ಪಕ್ಕ ಇಟ್ಟರೆ ಏನೋ ಅಪೂರ್ಣ: ‘ಇರುವಿಕೆ ಶೇ. 3.2’. ‘ಇರುವಿಕೆಯ ಪ್ರಮಾಣ’ ಅಂದರೆ ಹೇಗೆ?

ಇನ್ನೊಂದು ತೊಡಕಿದೆ. ಸಿಡಿಸಿಯವರು ಒಂದೊಂದು ಮಗುವನ್ನೂ ಕರೆಸಿ ಪರೀಕ್ಷೆ ಮಾಡುವುದಿಲ್ಲ. ಆಯ್ದ ಕೆಲವು ಕಡೆ 8 ವರ್ಷದ ಮಕ್ಕಳ ಆಸ್ಪತ್ರೆ ಮತ್ತು ಶಾಲೆಯ ದಾಖಲೆ ನೋಡಿ ಎಣಿಸುತ್ತಾರೆ. 2000ದಲ್ಲಿ 150 ಮಕ್ಕಳಲ್ಲಿ ಒಬ್ಬರು ಅಂತಿತ್ತು, 2022ರ ಲೆಕ್ಕದಲ್ಲಿ 31ಕ್ಕೆ ಒಬ್ಬರು. ಆದರೆ ಅದೇ 2022ರಲ್ಲಿ ಟೆಕ್ಸಸ್‌ನ ಲರೇಡೊದಲ್ಲಿ ಸಾವಿರಕ್ಕೆ 9.7, ಕ್ಯಾಲಿಫೋರ್ನಿಯಾದಲ್ಲಿ ಎಣಿಸಿದ ಕಡೆ 53.1! ಮಕ್ಕಳೇ ಅಷ್ಟು ಬೇರೆ ಅಂತ ನನಗೆ ಅನ್ನಿಸುವುದಿಲ್ಲ. ತಪಾಸಣೆಯ ಅನುಕೂಲ ಎಲ್ಲಿ ಜಾಸ್ತಿಯೋ ಅಲ್ಲಿ ಹೆಚ್ಚು ಮಕ್ಕಳು ಲೆಕ್ಕಕ್ಕೆ ಸಿಗುತ್ತಾರೆ, ಅಲ್ವಾ? ಹಾಗಾಗಿ ‘ಆಟಿಸಂ ಇದೆ ಎಂದು ಗುರುತಿಸಿದ ಮಕ್ಕಳ ಪ್ರಮಾಣ’ ಅಂತ ಬರೆದಿದ್ದೇನೆ. ಉದ್ದವಾಯಿತು, ನಿಜ. ತಲೆಬರಹದಲ್ಲಿ ಹಿಡಿಸುವುದಿಲ್ಲ.

ಹೀಗೆ ಎಣಿಸುವ ಕೆಲಸಕ್ಕೆ ಅವರು ಬಳಸುವ ‘ಸರ್ವೇಲೆನ್ಸ್’ಗೆ ‘ಕಣ್ಗಾವಲು’ ಬೇಡ ಅನ್ನಿಸಿತು. ಮಕ್ಕಳ ಹಿಂದೆ ಪೊಲೀಸರನ್ನು ಬಿಟ್ಟ ಹಾಗಿರುತ್ತದೆ. ಸುಮ್ನೆ ‘ಲೆಕ್ಕ ಇಡುವುದು’ ಅಂದುಬಿಟ್ಟೆ. ಆಟಿಸಂಗೆ ಕನ್ನಡದಲ್ಲಿರುವ ‘ಸ್ವಲೀನತೆ’ಯನ್ನೂ ಒಂದೇ ಸಲ ಬಳಸಿ, ಮುಂದೆಲ್ಲ ‘ಆಟಿಸಂ’ ಅಂತಲೇ ಇಟ್ಟಿದ್ದೇನೆ. ನಾನು ಮಾತಾಡಿಸಿದ ಪೋಷಕರು ಹೇಳುವುದು ಅದನ್ನೇ.

ವೈದ್ಯಕೀಯ ಬರಹ ಬರೆಯುವವರು ಬಳಗದಲ್ಲಿದ್ದೀರಿ. ‘ಇನ್ಸಿಡೆನ್ಸ್’ ಅಂದರೆ ಒಂದು ಅವಧಿಯಲ್ಲಿ ಹೊಸದಾಗಿ ಕಂಡುಬಂದವರು, ‘ಪ್ರಿವೆಲೆನ್ಸ್’ ಅಂದರೆ ಆಗ ಒಟ್ಟು ಇರುವವರು. ಎರಡಕ್ಕೂ ‘ಪ್ರಮಾಣ’ ಅಂತ ಬರೆದರೆ ಓದುವವರಿಗೆ ಗೊಂದಲ. ನೀವು ಈ ಜೋಡಿಗೆ ಏನು ಬಳಸುತ್ತೀರಿ? ಹಳ್ಳಿಯ ಆಶಾ ಕಾರ್ಯಕರ್ತೆಯರಿಗೆ ಓದಿ ಹೇಳಿದರೂ ಅರ್ಥವಾಗುವಂಥದ್ದು ಬೇಕು.