ಮಗಳ ಮೊದಲ ಆರ್‌ಸಿ ವಿಮಾನ: ಅವಳು ಜೆಟ್ ಕೇಳ್ತಿದ್ದಾಳೆ, ಯಾವುದು ಕೊಡಿಸಲಿ?

ಭದ್ರಾನಾಲೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ 13 ವರ್ಷ. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಕರೆದುಕೊಂಡು ಹೋಗಿದ್ದೆ. ಸೂರ್ಯಕಿರಣ್ ತಂಡದ ಹಾಕ್ ವಿಮಾನಗಳನ್ನು ನೋಡಿ ಬಂದ ಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಹಳೆ ಕ್ಯಾಲೆಂಡರ್ ಹಾಳೆ ಕತ್ತರಿಸಿ ವಿಮಾನ ಮಾಡಿ ತಾರಸಿಯಿಂದ ಬಿಡುತ್ತಾಳೆ. ಮೂತಿಗೆ ಎಷ್ಟು ಗುಂಡುಪಿನ್ನು ಚುಚ್ಚಿದರೆ ಎಷ್ಟು ದೂರ ಹೋಗುತ್ತೆ ಅಂತ ನೋಟ್‌ಬುಕ್‌ನಲ್ಲಿ ಬರೆದಿಡುತ್ತಾಳೆ. ಬೇಸಿಗೆ ರಜೆಯೊಳಗೆ ನಿಜವಾಗಿ ಹಾರುವ ರೇಡಿಯೋ ಕಂಟ್ರೋಲ್ ವಿಮಾನ ಕೊಡಿಸ್ತೀನಿ ಅಂತ ಮಾತು ಕೊಟ್ಟಿದ್ದೇನೆ.

ಅವಳಿಗೆ ಜೆಟ್ಟೇ ಬೇಕು. ಆನ್‌ಲೈನಿನಲ್ಲಿ ಇಡಿಎಫ್ ಜೆಟ್ (ಕೊಳವೆಯೊಳಗೆ ಕರೆಂಟ್ ಫ್ಯಾನ್ ತಿರುಗುವಂಥದ್ದು), ಸ್ಪಿಟ್‌ಫೈರ್ ಅನ್ನುವ ಹಳೇ ಯುದ್ಧವಿಮಾನದ ಮಾದರಿ, ಗ್ಲೈಡರ್ ಎಲ್ಲ ನೋಡಿ ನೋಡಿ ನನಗೆ ತಲೆ ಕೆಟ್ಟಿದೆ. ಹೋದ ತಿಂಗಳು ಒಂದು ಅಂಗಡಿಯಲ್ಲಿ ಮಕ್ಕಳೂ ಹಾರಿಸಬಹುದು ಅಂತ ಹೇಳಿ ಸಣ್ಣದೊಂದು ವಿಮಾನ ಕೊಟ್ಟರು. ರೆಕ್ಕೆಗೆ ಎರಡು ಮೋಟರ್, ಬಾಲದಲ್ಲಿ ಅಲ್ಲಾಡುವ ಭಾಗವೇ ಇಲ್ಲ. ಸಂಜೆ ಗಾಳಿಗೆ ಸಿಕ್ಕಿ ನಾಲೆ ಆಚೆ ಹೋಗಿ ಬಿತ್ತು. ರೆಕ್ಕೆ ಎರಡು ತುಂಡು. ಬೇರೆ ರೆಕ್ಕೆ ಕೇಳಿದರೆ ಬಿಡಿಭಾಗ ಬರಲ್ಲ ಅಂದುಬಿಟ್ಟರು. ಮಗಳು ಅಳಲಿಲ್ಲ. ಆದರೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಇನ್ನೊಂದು ಸಲ ಹಾಗಾಗಬಾರದು.

ನನ್ನ ಹತ್ತಿರ 15,000 ರೂಪಾಯಿ ಇದೆ. ನನಗೂ ಹಾರಿಸಲು ಬರಲ್ಲ, ಹತ್ತಿರದಲ್ಲಿ ಕಲಿಸುವವರು ಯಾರೂ ಇಲ್ಲ. ಊರಾಚೆ ಅಣ್ಣನ 4 ಎಕರೆ ಮೆಕ್ಕೆಜೋಳದ ಹೊಲ ಇದೆ, ಕಟಾವು ಮುಗಿದಿದೆ. ಯಾವ ವಿಮಾನ ತಗೊಳ್ಳಲಿ? ದಯವಿಟ್ಟು ಅನುಭವ ಇದ್ದವರು ಹೇಳಿ.

ತುಂಗಾತೀರ, ಶಿವಮೊಗ್ಗ

ಮೊದಲು ಜಾಗದ ಮಾತು. ಕಟಾವಾದ ಮೆಕ್ಕೆಜೋಳದ ಹೊಲ ದೂರದಿಂದ ಬಯಲಿನ ಹಾಗೆ ಕಾಣುತ್ತೆ. ಆದರೆ ಕೂಳೆ ನಿಂತಿರುತ್ತಲ್ಲ, ಅದು ಓರೆಯಾಗಿ ಕುಯ್ದ ಬಿದಿರಿನ ಮೊಳೆ ಇದ್ದ ಹಾಗೆ. ಫೋಮ್ ರೆಕ್ಕೆಯನ್ನು ಈ ಕಡೆಯಿಂದ ಆ ಕಡೆಗೆ ತೂರಿಕೊಂಡು ಹೋಗುತ್ತೆ. ಉತ್ತು ಹೆಂಟೆ ಒಡೆದ ಮೇಲೆ ಹೋಗಿ, ಇಲ್ಲ ಹುಲ್ಲಿನ ಬೀಡು ಹುಡುಕಿ. ಕರೆಂಟ್ ಕಂಬ, ಬೋರ್‌ವೆಲ್ ತಂತಿ ಎಲ್ಲೆಲ್ಲಿವೆ ಅಂತ ಮೊದಲೇ ನಡೆದು ನೋಡಿಕೊಳ್ಳಿ.

ಇನ್ನೊಂದು, 2021ರ ಡ್ರೋನ್ ನಿಯಮಗಳು ಆರ್‌ಸಿ ವಿಮಾನಕ್ಕೂ ಅನ್ವಯಿಸುತ್ತವೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಹೊಲ ಹಸಿರು ವಲಯದಲ್ಲಿ ಇದೆಯಾ ನೋಡಿ. ಹಸಿರಿನಲ್ಲಿದ್ದರೆ 400 ಅಡಿವರೆಗೆ ಹಾರಿಸಬಹುದು, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಮಾತ್ರ. ನಮ್ಮ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಾವು ಹಳೇ ಜಾಗ ಬಿಟ್ಟು ದೂರ ಹೋದೆವು. ಬೇಜಾರಾಯಿತು, ಆದರೆ ಜನ ಕೂತಿರುವ ವಿಮಾನದ ದಾರಿಯಲ್ಲಿ ನಮ್ಮ ಆಟ ಇರಬಾರದು.

ವಿಮಾನ ಯಾವುದು ಅಂತ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಇದ್ದಾರೆ.

ಬಾಲ್ಸಾಕಡ್ಡಿ, ಮೈಸೂರು

ನಿಮ್ಮ ಮಗಳ ಆ ಗುಂಡುಪಿನ್ನಿನ ನೋಟ್‌ಬುಕ್ ಇದೆಯಲ್ಲ, ಅದನ್ನು ಓದಿ ನನಗೆ ತುಂಬಾ ಖುಷಿಯಾಯಿತು. ಅವಳು ತನಗೇ ಗೊತ್ತಿಲ್ಲದೆ ಸಿಜಿ ಹುಡುಕುತ್ತಿದ್ದಾಳೆ, ಅಂದರೆ ವಿಮಾನದ ತೂಕ ಎಲ್ಲಿ ಸಮನಾಗಿ ನಿಲ್ಲುತ್ತೆ ಅನ್ನುವ ಜಾಗ. ಇಂಥ ಹುಡುಗಿಗೆ ಡಬ್ಬಿ ಬಿಚ್ಚಿ ಹಾರಿಸುವ ವಿಮಾನ ಕೊಡಬೇಡಿ. ಅವಳೇ ಕತ್ತರಿಸಿ ಅಂಟಿಸುವ ವಿಮಾನ ಕೊಡಿ. ತಾನೇ ಮಾಡಿದ್ದು ಮುರಿದರೆ ತಾನೇ ಸರಿ ಮಾಡುತ್ತಾಳೆ. ಅಂಗಡಿಯವನನ್ನು ರೆಕ್ಕೆ ಕೇಳುವ ಪ್ರಮೇಯವೇ ಬರಲ್ಲ.

ಜೆಟ್ ಯಾಕೆ ಬೇಡ ಅಂತ ಅವಳಿಗೂ ಅರ್ಥವಾಗುವ ಹಾಗೆ ಹೇಳಿ. ಇಡಿಎಫ್ ಜೆಟ್‌ನ ರೆಕ್ಕೆ ಸಣ್ಣದು, ತೂಕ ಜಾಸ್ತಿ. ವೇಗ ಸ್ವಲ್ಪ ಕಡಿಮೆಯಾದರೂ ರೆಕ್ಕೆ ಎತ್ತುವುದನ್ನು ನಿಲ್ಲಿಸಿಬಿಡುತ್ತೆ. ಮುಂದೆ ಪ್ರೊಪೆಲ್ಲರ್ ಇರುವ ವಿಮಾನದಲ್ಲಿ ಥ್ರಾಟಲ್ ಕೊಟ್ಟ ತಕ್ಷಣ, ಅಂದರೆ ಮೋಟರ್ ವೇಗ ಹೆಚ್ಚಿಸಿದ ತಕ್ಷಣ, ಬಾಲದ ಮೇಲೆ ಗಾಳಿ ಹರಿಯುತ್ತೆ, ಹಿಡಿತ ಸಿಗುತ್ತೆ. ಇಡಿಎಫ್‌ನಲ್ಲಿ ಆ ಗಾಳಿ ಬಾಲಕ್ಕೆ ಸಿಗಲ್ಲ, ಫ್ಯಾನ್ ಪೂರ್ತಿ ತಿರುಗುವಷ್ಟರಲ್ಲಿ ನೆಲ ಬಂದಿರುತ್ತೆ. ಸ್ಪಿಟ್‌ಫೈರ್ ಥರದ ಕೆಳ ರೆಕ್ಕೆಯ ವಿಮಾನವೂ ಈಗ ಬೇಡ. ನಿಧಾನ ಮಾಡಿ ತಿರುಗಿಸಿದರೆ ಒಂದು ರೆಕ್ಕೆ ತಟಕ್ಕನೆ ಕುಸಿಯುತ್ತೆ.

ಬೇಕಾಗಿರುವುದು ಒಡಲಿನ ಮೇಲೆ ಕೂರುವ ಮೇಲ್ರೆಕ್ಕೆ, ಮತ್ತೆ ಡೈಹೆಡ್ರಲ್. ಎದುರಿನಿಂದ ನೋಡಿದರೆ ಎರಡೂ ರೆಕ್ಕೆ ತುದಿಗಳು ಸ್ವಲ್ಪ ಮೇಲಕ್ಕೆ ಎದ್ದಿರಬೇಕು, ಆಕಾಶದಲ್ಲಿ ತೇಲುವ ಹದ್ದಿನ ಹಾಗೆ. ವಿಮಾನ ಒಂದು ಕಡೆ ವಾಲಿದಾಗ ಅದು ಆ ಕಡೆಗೆ ಜಾರುತ್ತೆ. ಜಾರುವಾಗ ಕೆಳಗಿನ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ಬಡಿಯುತ್ತೆ, ಅದು ತಾನಾಗಿಯೇ ಏಳುತ್ತೆ. ಹೊಸಬರು ಗಾಬರಿಯಾದಾಗ ರೇಡಿಯೋದ ಕಡ್ಡಿಗಳನ್ನು ಬಿಟ್ಟರೂ ವಿಮಾನ ತಾನೇ ನೇರವಾಗುವುದು ಇದರಿಂದ. ಕಲಿಯಲು ಬೇಕಾದ ಆ ಎರಡು ಸೆಕೆಂಡು ಸಮಯ ಇದರಲ್ಲಿ ಸಿಗುತ್ತೆ.

ನನ್ನ ಆಯ್ಕೆ ಸಿಂಪಲ್ ಕಬ್. ಅಮೆರಿಕದ ಫ್ಲೈಟ್ ಟೆಸ್ಟ್ ತಂಡದ ವಿನ್ಯಾಸ, ನಕ್ಷೆ ಪುಕ್ಕಟೆ ಸಿಗುತ್ತೆ. ರೆಕ್ಕೆ ಹರವು ಸುಮಾರು 95 ಸೆಂ.ಮೀ. ನಕ್ಷೆಯನ್ನು ಎ4 ಹಾಳೆಗಳಲ್ಲಿ ಪ್ರಿಂಟ್ ತೆಗೆಸಿ ಅಂಟಿಸಿಕೊಳ್ಳಿ. 5 ಮಿ.ಮೀ. ಫೋಮ್ ಬೋರ್ಡ್ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತೆ. ಎರಡು ಕಡೆ ಕಾಗದ, ಮಧ್ಯೆ ಫೋಮ್ ಇರುವುದು ಕೇಳಿ. ಫ್ಲೆಕ್ಸ್ ಅಂಗಡಿಯವರು ಕೊಡುವ ಸನ್‌ಬೋರ್ಡ್ ತರಬೇಡಿ, ಅದು ಪಿವಿಸಿ, ಕೈಯಲ್ಲಿ ಎತ್ತಿದರೆ ಭಾರ ಗೊತ್ತಾಗುತ್ತೆ. ಹಾಟ್ ಗ್ಲೂ ಗನ್, ಹೊಸ ಬ್ಲೇಡು, ಸ್ಟೀಲ್ ಸ್ಕೇಲು, ಎರಡು ಬಿದಿರು ಕಡ್ಡಿ. ಅಷ್ಟೇ. ಬ್ಲೇಡು ಮೊಂಡಾದರೆ ಫೋಮ್ ಕತ್ತರಿಸುವ ಬದಲು ಕಿತ್ತುಕೊಂಡು ಬರುತ್ತೆ, ಆಗಾಗ ಬದಲಾಯಿಸಿ.

ರೆಕ್ಕೆಯನ್ನು ಒಡಲಿಗೆ ಅಂಟಿಸಬೇಡಿ. ಬಿದಿರು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಿರಿ, ಅಡ್ಡಡ್ಡ. ಬಿದ್ದಾಗ ರಬ್ಬರ್ ಹಾರಿಹೋಗಿ ರೆಕ್ಕೆ ಕಳಚಿಕೊಳ್ಳುತ್ತೆ, ಮುರಿಯಲ್ಲ. ಹೊಲದಲ್ಲೇ ಮತ್ತೆ ಕಟ್ಟಿ ಹಾರಿಸಬಹುದು.

ಒಳಗಿನ ಸಾಮಾನು: ಎ2212 1000 ಕೆವಿ ಬ್ರಶ್‌ಲೆಸ್ ಮೋಟರ್, ಮೋಟರ್ ವೇಗ ನಿಯಂತ್ರಿಸುವ 30 ಆಂಪ್ಸ್ ಇಎಸ್‌ಸಿ, 9 ಇಲ್ಲ 10 ಇಂಚಿನ ಪ್ರೊಪೆಲ್ಲರ್ (ನಾಲ್ಕೈದು ತಗೊಳ್ಳಿ, ಮುರಿಯುತ್ತವೆ), ಬಾಲದ ಭಾಗಗಳನ್ನು ಅಲ್ಲಾಡಿಸುವ 9 ಗ್ರಾಂ ಸರ್ವೋಗಳು (ಪುಟ್ಟ ಮೋಟರ್‌ಗಳು), 3 ಸೆಲ್‌ನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ರೇಡಿಯೋಗೆ ಫ್ಲೈಸ್ಕೈ ಎಫ್‌ಎಸ್-ಐ6. ನಿಮ್ಮ ದುಡ್ಡಿನಲ್ಲಿ ಸುಮಾರು ಮೂರನೇ ಒಂದು ಭಾಗ ಇದಕ್ಕೇ ಹೋಗುತ್ತೆ, ಹೋಗಲಿ. ವಿಮಾನ ಹತ್ತು ಬದಲಾದರೂ ರೇಡಿಯೋ ಅದೇ ಇರುತ್ತೆ.

ನಾನು ಕಲಿತದ್ದು 90ರ ದಶಕದಲ್ಲಿ, ಬೆಂಗಳೂರಿನಲ್ಲಿ ಎನ್‌ಸಿಸಿ ಏರ್ ವಿಂಗ್ ಕೆಡೆಟ್ ಆಗಿದ್ದಾಗ. ಆಗ ಬಾಲ್ಸಾ ಅನ್ನುವ ಹಗುರ ಮರದ ಕಂಟ್ರೋಲ್ ಲೈನ್ ವಿಮಾನ. ಎರಡು ತಂತಿ ಕೈಯಲ್ಲಿ ಹಿಡಿದು ನಾವು ಮಧ್ಯೆ ನಿಂತು ತಿರುಗಬೇಕು. ಮೂರು ವಾರ ಉಜ್ಜಿ ಉಜ್ಜಿ ಮಾಡಿದ ರೆಕ್ಕೆ ಜಕ್ಕೂರಿನ ನೆಲಕ್ಕೆ ಬಡಿದಾಗ ಆಗುವ ಆ ಸಣ್ಣ ಸದ್ದು, ಒಣ ಕಡ್ಡಿ ಲಟಕ್ ಅಂದ ಹಾಗೆ, ಇವತ್ತಿಗೂ ಕಿವಿಯಲ್ಲಿದೆ. ಬಾಲ್ಸಾ ನನಗೆ ಪ್ರಾಣ. ಆದರೂ ಹೊಸಬರಿಗೆ ಫೋಮ್ ಅಂತಲೇ ಹೇಳುತ್ತೇನೆ. ಮೂತಿ ಮುರಿದರೆ ಗ್ಲೂ ಹಾಕಿ, ಕಡ್ಡಿ ತುರುಕಿ, ಐದು ನಿಮಿಷ ಕಾಯ್ದರೆ ಆಯಿತು. ಮಕ್ಕಳ ಉತ್ಸಾಹ ಆರುವಷ್ಟು ಹೊತ್ತು ಆಗಲ್ಲ.

ಕಾವೇರಿಕನ್ನಡಿಗ, ಡಲ್ಲಾಸ್

ಮೈಸೂರಿನವರ ಮಾತು ಗೌರವದಿಂದ ಒಪ್ಪುತ್ತೇನೆ, ಒಂದು ವಿಷಯ ಬಿಟ್ಟು. ಕಲಿಸುವವರೇ ಇಲ್ಲದ ಮನೆಯಲ್ಲಿ ಜೈರೋ ಬೇಕು, ಅಂದರೆ ವಿಮಾನ ವಾಲಿದ್ದನ್ನು ಗುರುತಿಸಿ ತಾನೇ ಸರಿಮಾಡುವ ಸಾಧನ. ನನ್ನ ಮಗ ಹಾಬಿಜೋನ್ ಏರೋಸ್ಕೌಟ್‌ನಲ್ಲಿ ಕಲಿತ. 1.1 ಮೀಟರ್ ರೆಕ್ಕೆ, ಪ್ರೊಪೆಲ್ಲರ್ ರೆಕ್ಕೆಯ ಹಿಂದೆ, ಹಾಗಾಗಿ ಮೂತಿ ನೆಲಕ್ಕೆ ಬಡಿದರೂ ಮೋಟರ್ ಉಳಿಯುತ್ತೆ. ಅದರ ಸೇಫ್ ವ್ಯವಸ್ಥೆ ಶುರುವಿನ ಮೋಡ್‌ನಲ್ಲಿ ವಿಮಾನ ಅತಿಯಾಗಿ ವಾಲಲು ಬಿಡಲ್ಲ. ಇಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ನಿಯಮದ ಪ್ರಕಾರ ಟ್ರಸ್ಟ್ ಅನ್ನುವ ಸಣ್ಣ ಪರೀಕ್ಷೆ ಬರೆಯಬೇಕು, ಅದು ಪುಕ್ಕಟೆ. ಅವನೇ ಕೂತು ಬರೆದು ಸರ್ಟಿಫಿಕೇಟ್ ಗೋಡೆಗೆ ಅಂಟಿಸಿಕೊಂಡ. ಕ್ಲಬ್ಬಿನಲ್ಲಿ ಬಡ್ಡಿ ಬಾಕ್ಸ್ ಇತ್ತು, ಹುಡುಗ ತಪ್ಪು ಮಾಡಿದರೆ ಗುರು ತನ್ನ ರೇಡಿಯೋದಿಂದ ಹಿಡಿತ ತಗೊಳ್ಳುತ್ತಾರೆ. ಡಿಸೆಂಬರ್‌ನಲ್ಲಿ ಊರಿಗೆ ಬರುವವರ ಕೈಲಿ ಒಂದು ತರಿಸಿಕೊಳ್ಳಬಹುದಲ್ವಾ?

ಬಾಲ್ಸಾಕಡ್ಡಿ, ಮೈಸೂರು

ಏರೋಸ್ಕೌಟ್ ಒಳ್ಳೆಯ ವಿಮಾನ, ಅದರಲ್ಲಿ ಎರಡು ಮಾತಿಲ್ಲ. ಆದರೆ 2022ರ ಫೆಬ್ರವರಿಯಿಂದ ಪೂರ್ತಿ ತಯಾರಾದ ಡ್ರೋನ್ ಆಮದಿಗೆ ಇಲ್ಲಿ ನಿಷೇಧ ಇದೆ. ಬಿಡಿಭಾಗಕ್ಕೆ ತೊಂದರೆಯಿಲ್ಲ. ರೇಡಿಯೋ ಸಮೇತ ಹಾರುವ ವಿಮಾನ ಸೂಟ್‌ಕೇಸಿನಲ್ಲಿ ತಂದು ಕಸ್ಟಮ್ಸ್‌ನಲ್ಲಿ ನಿಂತು ಇದು ಡ್ರೋನ್ ಅಲ್ಲ, ಆಟದ ವಿಮಾನ ಅಂತ ವಾದ ಮಾಡುವ ಕಷ್ಟ ಯಾರಿಗೆ ಬೇಕು? ತಂದರೂ ಬಾಲ ಮುರಿದರೆ ದಾವಣಗೆರೆಯಲ್ಲಿ ಬದಲಿ ಸಿಗಲ್ಲ. ಅವರಿಗೆ ಒಂದು ಸಲ ಆಗಿರುವ ನೋವು ಅದೇ.

ಜೈರೋ ಬಗ್ಗೆ ನೀವು ಹೇಳಿದ್ದು ಸರಿ, ಗುರು ಇಲ್ಲದವರಿಗೆ ಆಸರೆ ಬೇಕು. ನಾನು ಆ ಆಸರೆಯನ್ನು ಸಿಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಹಾರಿಸಿ ಕಲಿಯುವ ಆಟದಲ್ಲಿ ಹುಡುಕುತ್ತೇನೆ.

ಭದ್ರಾನಾಲೆ, ದಾವಣಗೆರೆ

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಕೈಮುಗಿದೆ. ಮಗಳು ಪಕ್ಕದಲ್ಲೇ ಕೂತು ಓದಿದಳು. ಜೆಟ್ ಕಥೆ ಕೇಳಿ ಸ್ವಲ್ಪ ಮುಖ ಸಣ್ಣ ಮಾಡಿಕೊಂಡಳು, ಆಮೇಲೆ ಕಬ್ ನಕ್ಷೆ ನೋಡಿ ಹಳದಿ ಬಣ್ಣ ಹಾಕ್ತೀನಿ ಅಂದಳು. ಇನ್ನು ಕೆಲವು ಅನುಮಾನ. 3 ಚಾನಲ್ಲಾ, 4 ಚಾನಲ್ಲಾ? ಸಿಮ್ಯುಲೇಟರ್ ಅಂದರೆ ಯಾವುದು? ಬ್ಯಾಟರಿಗೆ ಬೆಂಕಿ ಹತ್ತುತ್ತೆ ಅಂತಾರೆ, ನನ್ನ ಹೆಂಡತಿಗೆ ಅದೇ ಭಯ.

ಬಾಲ್ಸಾಕಡ್ಡಿ, ಮೈಸೂರು

ಚಾನಲ್ ಅಂದರೆ ರೇಡಿಯೋದಿಂದ ಬೇರೆ ಬೇರೆಯಾಗಿ ನಿಯಂತ್ರಿಸುವ ಒಂದೊಂದು ಕೆಲಸ. 3 ಚಾನಲ್‌ನಿಂದ ಶುರು ಮಾಡಿ: ಥ್ರಾಟಲ್, ಎಲಿವೇಟರ್ (ಮೂತಿ ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ), ರಡ್ಡರ್ (ಎಡ ಬಲ ತಿರುಗಿಸುವ ಬಾಲದ ಪಟ್ಟಿ). ಡೈಹೆಡ್ರಲ್ ಇರುವುದರಿಂದ ರಡ್ಡರ್ ಕೊಟ್ಟರೆ ಸಾಕು, ವಿಮಾನ ತಾನೇ ವಾಲಿ ತಿರುಗುತ್ತೆ. ಆದರೆ ರಡ್ಡರ್ ಸರ್ವೋವನ್ನು ಏಲರಾನ್ (ವಿಮಾನ ವಾಲಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ಪಟ್ಟಿ) ಚಾನಲ್‌ಗೆ ಹಾಕಿ, ಬಲಗೈ ಕಡ್ಡಿಯಲ್ಲೇ ತಿರುಗಿಸಲಿ. ಮುಂದೆ ಏಲರಾನ್ ಬಂದಾಗ ಕೈಗೆ ಹೊಸ ಅಭ್ಯಾಸ ಬೇಕಾಗಲ್ಲ.

ಸಿಮ್ಯುಲೇಟರ್‌ಗೆ ಪಿಕಾಸಿಮ್ ಅಂತಿದೆ, ಪುಕ್ಕಟೆ. ರೇಡಿಯೋ ಹಿಂದಿನ ಟ್ರೈನರ್ ಪೋರ್ಟ್‌ಗೆ ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರ್‌ಗೆ ಸೇರಿಸಿ. ದಿನಕ್ಕೆ ಇಪ್ಪತ್ತು ನಿಮಿಷ, ಎರಡು ವಾರ. ಅದರಲ್ಲಿ ಒಂದೇ ಅಭ್ಯಾಸ ಮಾಡಿಸಿ. ವಿಮಾನ ನಮ್ಮ ಕಡೆ ಬರುವಾಗ ಎಡ ಬಲ ಅದಲು ಬದಲಾಗುತ್ತೆ, ಜಾಸ್ತಿ ಜನ ಬೀಳಿಸುವುದು ಅಲ್ಲೇ. ಆಗ ಯಾವ ಕಡೆಯ ರೆಕ್ಕೆ ಕೆಳಗೆ ಇಳಿದಿದೆಯೋ ಆ ಕಡೆಗೇ ಕಡ್ಡಿ ತಳ್ಳಬೇಕು, ಬೀಳುವ ಗೋಡೆಗೆ ಊರೆ ಕೊಡುವ ಹಾಗೆ. ಯೋಚನೆ ಮಾಡದೆ ಕೈ ಆ ಕಡೆ ಹೋಗುವವರೆಗೆ ಹೊಲಕ್ಕೆ ಕರೆದುಕೊಂಡು ಹೋಗಬೇಡಿ.

ಬ್ಯಾಟರಿ ವಿಷಯದಲ್ಲಿ ನಿಮ್ಮ ಮನೆಯವರ ಭಯ ನ್ಯಾಯವಾದದ್ದು. ಎಲ್ಲ ಸೆಲ್‌ಗಳನ್ನೂ ಸಮನಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರ್‌ನಲ್ಲೇ ಚಾರ್ಜ್ ಮಾಡಿ, ಪಕ್ಕದಲ್ಲಿ ಒಬ್ಬರು ಎಚ್ಚರವಾಗಿ ಇರಲೇಬೇಕು. ಒಂದು ಸೆಲ್‌ಗೆ 4.2 ವೋಲ್ಟ್ ಮೇಲೆ ಹೋಗಬಾರದು. ಹಾರಿಸುವಾಗ 3.5ಕ್ಕೆ ಬರುವ ಮೊದಲು ಇಳಿಸಿ. ವಾರಗಟ್ಟಲೆ ಇಡುವುದಾದರೆ 3.8ರ ಹತ್ತಿರ ಇಟ್ಟಿರಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಮತ್ತೆ ಚಾರ್ಜೂ ಮಾಡಬೇಡಿ. ನಾನು ಮಣ್ಣಿನ ಮಡಕೆಯಲ್ಲಿಟ್ಟು ಹಿತ್ತಲಿನ ಕಲ್ಲಿನ ಮೇಲೆ ಇಡುತ್ತೇನೆ. ಮನೆಯಲ್ಲಿ ಮೋಟರ್ ಪರೀಕ್ಷೆ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಡಿ. ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ, ಬೆರಳು ಹೋದವರನ್ನು ನೋಡಿದ್ದೇನೆ.

ಹಾರಿಸುವುದು ಬೆಳಿಗ್ಗೆ 6.30ರಿಂದ 8ರೊಳಗೆ. ಜೂನ್ ಬಂದರೆ ನಿಮ್ಮ ಕಡೆ ಗಾಳಿ ಹೇಗೆ ಬೀಸುತ್ತೆ ಅಂತ ಚಿತ್ರದುರ್ಗದ ಗಾಳಿಯಂತ್ರಗಳೇ ಹೇಳುತ್ತವೆ, ಅದಕ್ಕೇ ಮೊದಲೇ ಕಲಿತು ಮುಗಿಸಿ. ಗಾಳಿಗೆ ಎದುರಾಗಿ ನಿಂತು, ಮೂತಿ ಮೇಲೆತ್ತದೆ ನೇರವಾಗಿ ಎಸೆಯಿರಿ. ಮೂರು ತೆಂಗಿನಮರದಷ್ಟು ಎತ್ತರಕ್ಕೆ ಹೋಗುವವರೆಗೆ ತಿರುಗಿಸಬೇಡಿ.

ಭದ್ರಾನಾಲೆ, ದಾವಣಗೆರೆ

ಫೋಮ್ ಬೋರ್ಡ್ ತಂದೆವು, ಕಾಗದದ್ದೇ. ರೇಡಿಯೋ ಆರ್ಡರ್ ಮಾಡಿದ್ದೇನೆ. ಮಗಳ ಒಂದು ಪ್ರಶ್ನೆ, ಅವಳ ಮಾತಲ್ಲೇ ಬರೆಯುತ್ತೇನೆ: "ಕಬ್ ಮೂತಿಗೂ ಗುಂಡುಪಿನ್ನು ಹಾಕಬೇಕಾ, ಇಲ್ಲ ಬ್ಯಾಟರಿಯನ್ನೇ ಹಿಂದೆ ಮುಂದೆ ಸರಿಸಿದರೆ ಆಗುತ್ತಾ?"

ಬಾಲ್ಸಾಕಡ್ಡಿ, ಮೈಸೂರು

ಬ್ಯಾಟರಿ ಸರಿಸಿದರೆ ಸಾಕು ಪುಟ್ಟಿ. ಅದಕ್ಕೇ ಅದನ್ನು ಅಂಟಿಸದೆ ವೆಲ್ಕ್ರೋ ಹಾಕುವುದು. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ 25ರಿಂದ 30 ಶೇಕಡಾ ಜಾಗದಲ್ಲಿ ಎರಡೂ ಕಡೆ ಪೆನ್ಸಿಲ್‌ನಲ್ಲಿ ಗುರುತು ಮಾಡು. ಅಲ್ಲಿ ಎರಡು ಬೆರಳ ತುದಿ ಇಟ್ಟು ಎತ್ತು. ಮೂತಿ ಕೂದಲೆಳೆಯಷ್ಟು ಕೆಳಗೆ ಬಾಗಬೇಕು. ಬಾಲ ಇಳಿದರೆ ಬ್ಯಾಟರಿ ಮುಂದಕ್ಕೆ. ಸರಿಯಾದ ಜಾಗ ಸಿಕ್ಕಿದ ಮೇಲೆ ಒಳಗೆ ಗೆರೆ ಎಳೆದು, ಅದರ ಅಳತೆಯನ್ನು ನಿನ್ನ ಅದೇ ನೋಟ್‌ಬುಕ್‌ನಲ್ಲಿ ಬರೆದಿಡು.