ಅಪ್‌ಡೇಟ್: ಮಗಳ ಡಿಸ್ಲೆಕ್ಸಿಯಾ ರಿಪೋರ್ಟ್

ಮಗಳ ಡಿಸ್ಲೆಕ್ಸಿಯಾ (ಓದು-ಬರಹ ಕಲಿಯಲು ಕಷ್ಟವಾಗುವ ತೊಂದರೆ) ಪರೀಕ್ಷೆಯ ರಿಪೋರ್ಟ್ ಅರ್ಥವಾಗದೆ ಇಲ್ಲಿ ಕೇಳಿದ್ದೆ. ಪರೀಕ್ಷೆ ಮಾಡಿದವರ ಹತ್ತಿರವೇ ಕೂತು ಸಾಲು ಸಾಲಾಗಿ ಕೇಳಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಅದೇ ಕೆಲಸಕ್ಕೆ ಬಂತು. ರಿಪೋರ್ಟಿನಲ್ಲಿದ್ದ ‘ಪರ್ಸೆಂಟೈಲ್ 9’ ಅಂದರೆ ನೂರಕ್ಕೆ 9 ಅಂಕ ಅಲ್ಲ. ಅದೇ ವಯಸ್ಸಿನ 100 ಮಕ್ಕಳಲ್ಲಿ ಸುಮಾರು 90 ಮಕ್ಕಳು ಮುಂದಿದ್ದಾರೆ ಅಂತ. ಅದೂ ಓದುವ ವೇಗದಲ್ಲಿ ಮಾತ್ರ. ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಅವಳೇ ಮುಂದೆ! ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಪುಟದ ಮೇಲೆ ಬಣ್ಣದ ಪಾರದರ್ಶಕ ಹಾಳೆ ಇಟ್ಟು ಓದಿಸಿದ್ದರಿಂದ ಏನೂ ಆಗಲಿಲ್ಲ. ಈಗ ವಿಶೇಷ ಶಿಕ್ಷಕಿಯೊಬ್ಬರು ಸದ್ದುಗಳಿಂದ ಶುರು ಮಾಡಿ ಹಂತ ಹಂತವಾಗಿ ಕಲಿಸುತ್ತಿದ್ದಾರೆ. ‘ನವಿಲು’ವಿನಲ್ಲಿ ‘ನ’ ತೆಗೆದರೆ ಏನು ಉಳಿಯುತ್ತೆ ಅಂತ ಮೊದಲು ಬಾಯಲ್ಲೇ ಹೇಳಿಸುತ್ತಾರೆ, ಆಮೇಲೆ ಅಕ್ಷರ. ನಿಧಾನ, ಆದರೆ ಓದುವಾಗ ಅಳು ನಿಂತಿದೆ. ರಿಪೋರ್ಟ್ ತೋರಿಸಿದ ಮೇಲೆ ಶಾಲೆಯವರೂ ಪರೀಕ್ಷೆಗೆ ಜಾಸ್ತಿ ಸಮಯ ಕೊಡಲು ಒಪ್ಪಿದ್ದಾರೆ.